ಮನೆಮಂದಿಗೆಲ್ಲ ಗಣಕಯಂತ್ರ: ಕಲಿಕೆ ಎಲ್ಲಿಂದ ಆರಂಭವಾಗಬೇಕು?

ನಮ್ಮ ಅನೇಕ ಮನೆಗಳಲ್ಲಿ ಗಣಕಯಂತ್ರವೊಂದು ಇದ್ದೇ ಇದೆ. ಮಗನೋ ಮಗಳೋ ಇಂಜಿನಿಯರಿಂಗ್ ಓದುತ್ತಿದ್ದಾಗ ಕೊಂಡದ್ದು; ಅವರು ಉದ್ಯೋಗವನ್ನರಸಿ ಬೆಂಗಳೂರಿಗೋ ಕೊಲ್ಲಿ ರಾಷ್ಟ್ರಕ್ಕೋ ಹೊರಟುಹೋದ ಮೇಲೆ ಅದು ಹಜಾರದ ಮೂಲೆಯಲ್ಲಿ ಕಸೂತಿಯ ಬಟ್ಟೆ ಹೊದ್ದು ಕುಳಿತಿರುತ್ತದೆ. ವಾರಕ್ಕೊಮ್ಮೆ ಅದರ ಧೂಳು ಒರೆಸುವ ತಾಯಿ ಗುಂಡಿ ಒತ್ತಲು ಮಾತ್ರ ಹಿಂಜರಿಯುತ್ತಾರೆ. ‘ನನಗೆ ಅದೆಲ್ಲ ತಿಳಿಯುವುದಿಲ್ಲ’ ಎಂಬುದು ಅವರ ಉತ್ತರ. ಆದರೆ ಮನೆಯ ಹಾಲು, ದಿನಸಿ, ಶಾಲೆಯ ಶುಲ್ಕಗಳ ಲೆಕ್ಕವನ್ನು ವರ್ಷಗಟ್ಟಲೆ ತಪ್ಪದೆ ಬರೆದಿಟ್ಟವರು, ಸ್ವಸಹಾಯ ಸಂಘದ ನಡಾವಳಿ ಪುಸ್ತಕವನ್ನು ಅಚ್ಚುಕಟ್ಟಾಗಿ ನೋಡಿಕೊಂಡವರು ಅದೇ ತಾಯಿ. ಅಂಥವರಿಗೆ ತಿಳಿಯದ ಯಂತ್ರವೇನೂ ಅದಲ್ಲ. ತಿಳಿಸಿಕೊಟ್ಟ ಕ್ರಮವೇ ಸರಿಯಿಲ್ಲದಿರಬಹುದು.

ಎಲ್ಲವೂ ಮೊಬೈಲಿನಲ್ಲೇ ನಡೆಯುವ ಕಾಲದಲ್ಲಿ ಮೇಜಿನ ಮೇಲಿನ ಈ ಪೆಟ್ಟಿಗೆಯ ಗೊಡವೆ ಏಕೆ ಎಂದು ಓದುಗರು ಕೇಳಬಹುದು. ಪ್ರಶ್ನೆ ಯೋಗ್ಯವಾದದ್ದೇ. ಮಾತನಾಡಲು, ಚಿತ್ರ ನೋಡಲು, ಅಂಗಡಿಗೆ ಹಣ ಕಳುಹಿಸಲು ಮೊಬೈಲ್ ಸಾಕು. ಆದರೆ ಮಗಳು ವೃತ್ತಿಶಿಕ್ಷಣದ ಪ್ರವೇಶ ಪರೀಕ್ಷೆಗೆ ಅರ್ಜಿ ಹಾಕಬೇಕು ಎನ್ನಿ. ಹಲವು ಪುಟಗಳ ನಮೂನೆ, ಅಂಕಪಟ್ಟಿಯ ಪ್ರತಿ, ಜಾತಿ ಮತ್ತು ಆದಾಯದ ಪ್ರಮಾಣಪತ್ರದ ಸಂಖ್ಯೆ, ಇಂತಿಷ್ಟು ಕಿಲೋಬೈಟ್ ಮೀರಬಾರದೆಂಬ ಭಾವಚಿತ್ರ, ಅದಕ್ಕಿಂತ ಚಿಕ್ಕದಾದ ಸಹಿ, ಇವೆಲ್ಲವನ್ನೂ ಅಂಗೈಯಗಲದ ಗಾಜಿನ ಮೇಲೆ ಜೋಡಿಸುವುದು ಸೂಜಿಯ ಕಣ್ಣಿನಲ್ಲಿ ಹಗ್ಗ ಪೋಣಿಸಿದಂತೆ. ಸೇವಾಸಿಂಧು ಜಾಲತಾಣದ ಅರ್ಜಿಗಳಾಗಲಿ, ಉದ್ಯೋಗದ ಸ್ವವಿವರ ಪತ್ರವಾಗಲಿ, ಸಂಘದ ವಾರ್ಷಿಕ ವರದಿಯಾಗಲಿ, ಬರೆದು, ತಿದ್ದಿ, ಕಾಪಿಡುವ ಕೆಲಸಕ್ಕೆ ಅಗಲವಾದ ಪರದೆ ಮತ್ತು ಹತ್ತು ಬೆರಳಿಗೂ ಎಟಕುವ ಕೀಲಿಮಣೆ ಬೇಕೇಬೇಕು.

ಇದು ಬಾರದಿದ್ದಾಗ ನಾವು ಮಾಡುವುದೇನು? ಪೇಟೆಯ ಸೈಬರ್ ಅಂಗಡಿಗೆ ಹೋಗುತ್ತೇವೆ. ಕೊನೆಯ ದಿನವಾದ್ದರಿಂದ ಅಲ್ಲಿ ಸಾಲು. ಅಂಗಡಿಯ ಹುಡುಗ ಅವಸರದಲ್ಲಿ ನಮ್ಮ ದಾಖಲೆಗಳನ್ನು ನೋಡುತ್ತಾ ತುಂಬುತ್ತಾನೆ. ನಾವು ಬೆನ್ನ ಹಿಂದೆ ನಿಂತು ‘ಹೌದು, ಹೌದು’ ಎನ್ನುತ್ತೇವೆ. ಮಿಂಚಂಚೆಯ ವಿಳಾಸ ಇಲ್ಲದವರಿಗೆ ಅವನೇ ಒಂದನ್ನು ಸೃಷ್ಟಿಸಿಕೊಡುತ್ತಾನೆ, ಅದರ ಪಾಸ್‌ವರ್ಡ್ ಅವನಿಗಷ್ಟೇ ಗೊತ್ತು. ಆರು ತಿಂಗಳ ನಂತರ ಪ್ರವೇಶಪತ್ರ ಬೇಕಾದಾಗ ಆ ಹುಡುಗ ಬೇರೆ ಊರಿನಲ್ಲಿರುತ್ತಾನೆ. ನಮ್ಮ ಕುಟುಂಬಗಳಿಗೆ ಇನ್ನೊಂದು ತೊಡಕೂ ಉಂಟು. ಡಿಸೋಜ, ಡಿಸಿಲ್ವ, ಡಿಕುನ್ಹ ಮುಂತಾದ ಹೆಸರುಗಳನ್ನು ಇಂಗ್ಲಿಷಿನಲ್ಲಿ ಬರೆಯುವಾಗ ಮೊದಲ ಅಕ್ಷರದ ಬಳಿಕ ಬರುವ ಅಪಾಸ್ಟ್ರಫಿ ಎಂಬ ಆ ಚಿಕ್ಕ ಚಿಹ್ನೆಯನ್ನು ಅನೇಕ ನಮೂನೆಗಳು ಒಪ್ಪುವುದೇ ಇಲ್ಲ. ಒಬ್ಬರು ಅಲ್ಲಿ ಜಾಗ ಬಿಟ್ಟು ಬರೆಯುತ್ತಾರೆ, ಮತ್ತೊಬ್ಬರು ಕೂಡಿಸಿ ಬರೆಯುತ್ತಾರೆ. ಜ್ಞಾನಸ್ನಾನದ ಪುಸ್ತಕದಲ್ಲಿ ಒಂದು ರೂಪ, ಅಂಕಪಟ್ಟಿಯಲ್ಲಿ ಎರಡನೆಯದು, ಆಧಾರದಲ್ಲಿ ಮೂರನೆಯದು. ಮುಂದೆ ಪಾಸ್‌ಪೋರ್ಟಿನ ಹೊತ್ತಿಗೆ ಪ್ರಮಾಣಪತ್ರ ಮಾಡಿಸುತ್ತಾ ನ್ಯಾಯವಾದಿಗಳ ಕಚೇರಿಗೆ ಅಲೆದವರು ನಮ್ಮಲ್ಲಿ ಕಡಿಮೆಯೇನಿಲ್ಲ. ಅಂಗಡಿಯವರನ್ನು ದೂರಿ ಫಲವಿಲ್ಲ. ನಮ್ಮ ಹೆಸರನ್ನು ಹೇಗೆ ಬರೆಯಬೇಕೆಂಬ ಕಾಳಜಿ ನಮಗಿರುವಷ್ಟು ಅವರಿಗೆ ಇರಲಾರದು.

ಸರಕಾರವೂ ಈ ದಿಕ್ಕಿನಲ್ಲಿ ಪ್ರಯತ್ನಿಸಿದ್ದುಂಟು. 2017ರಲ್ಲಿ ಮಂಜೂರಾದ ಪ್ರಧಾನಮಂತ್ರಿ ಗ್ರಾಮೀಣ ಡಿಜಿಟಲ್ ಸಾಕ್ಷರತಾ ಅಭಿಯಾನವು 6 ಕೋಟಿ ಗ್ರಾಮೀಣ ಕುಟುಂಬಗಳಲ್ಲಿ ಮನೆಗೊಬ್ಬರಂತೆ 20 ಗಂಟೆಗಳ ತರಬೇತಿ ನೀಡುವ ಗುರಿ ಇರಿಸಿಕೊಂಡಿತ್ತು. 2024ರ ಮಾರ್ಚ್‌ನಲ್ಲಿ ಅದು ಮುಕ್ತಾಯಗೊಂಡಿತು. ಅದಕ್ಕೆ ವಯೋಮಿತಿ 14ರಿಂದ 60 ವರ್ಷ. ನಿವೃತ್ತಿವೇತನದ ಕಾಗದಪತ್ರಗಳಿಗಾಗಿ ಅತಿ ಹೆಚ್ಚು ಪರದಾಡುವ ವಯಸ್ಸಿನವರು ಹೊರಗೇ ಉಳಿದರು. ಅರವತ್ತು ದಾಟಿದವರಿಗೆ ಕಲಿಸುವ ಹೊಣೆ ಹೀಗಾಗಿ ಮನೆಯವರ ಮೇಲೆಯೇ ಬಿದ್ದಿದೆ.

ಕಲಿಸುವವರು ಸಾಮಾನ್ಯವಾಗಿ ಆರಂಭಿಸುವುದು ಎಲ್ಲಿಂದ? ಪುಸ್ತಕಗಳ ಮೊದಲ ಅಧ್ಯಾಯ ತೆರೆದು ನೋಡಿ: ಅಬಾಕಸ್ ಮಣಿಚೌಕಟ್ಟು, ಚಾರ್ಲ್ಸ್ ಬ್ಯಾಬೇಜ್, ನಿರ್ವಾತ ನಳಿಕೆ, ಐದು ತಲೆಮಾರುಗಳ ಗಣಕಗಳು. ಹೊಲಿಗೆ ಕಲಿಯಬಂದವಳಿಗೆ ಹತ್ತಿಯ ಬೇಸಾಯದ ಇತಿಹಾಸ ಹೇಳಿದಂತಾಯಿತು. ಮೊದಲ ದಿನ ಕಲಿಯುವವರ ಮನಸ್ಸಿನಲ್ಲಿರುವುದು ಒಂದೇ ಪ್ರಶ್ನೆ: ‘ಏನಾದರೂ ಒತ್ತಿದರೆ ಹಾಳಾಗಿಬಿಟ್ಟರೆ?’ ಆ ಭಯವನ್ನು ತೆಗೆಯದೆ ಮುಂದಿನ ಪಾಠ ತಲೆಗೆ ಹತ್ತುವುದಿಲ್ಲ.

ಆದ್ದರಿಂದ ಮೊದಲ ಪಾಠ, ತಪ್ಪನ್ನು ಹಿಂದಕ್ಕೆ ತರುವುದಾಗಿರಲಿ. ಬರೆಯುವ ಪುಟವೊಂದನ್ನು ತೆರೆದು ಹತ್ತು ಪದ ಟೈಪ್ ಮಾಡಿಸಿ, ಅವೆಲ್ಲವನ್ನೂ ಬೇಕೆಂದೇ ಅಳಿಸಲು ಹೇಳಿ. ಬಳಿಕ ಕಂಟ್ರೋಲ್ ಕೀಲಿಯನ್ನು ಒತ್ತಿ ಹಿಡಿದು ಝಡ್ ಅಕ್ಷರವನ್ನು ತಟ್ಟಿಸಿ. ಹೋದ ಪದಗಳು ಮರಳಿ ಬರುವಾಗ ಅವರ ಮುಖ ನೋಡಬೇಕು! ಅದೇ ರೀತಿ, ಅಳಿಸಿದ ಕಡತವು ಕೂಡಲೇ ನಾಶವಾಗದೆ ಕಸದ ಬುಟ್ಟಿಯ ಚಿತ್ರವಿರುವ ರಿಸೈಕಲ್ ಬಿನ್‌ನಲ್ಲಿ ಹೋಗಿ ಕೂರುತ್ತದೆ; ಬುಟ್ಟಿಯನ್ನು ಬರಿದು ಮಾಡುವತನಕ ಅಲ್ಲಿಂದ ಎತ್ತಿಕೊಳ್ಳಬಹುದು. ಪೆನ್ ಡ್ರೈವಿನಿಂದ ಅಳಿಸಿದ್ದು ಮಾತ್ರ ಆ ಬುಟ್ಟಿಗೆ ಬೀಳುವುದಿಲ್ಲ. ಈ ಒಂದು ಎಚ್ಚರವನ್ನು ಅಲ್ಲೇ ಹೇಳಿಬಿಡುವುದು ಒಳ್ಳೆಯದು.

ಮೌಸ್ ಹಿಡಿಯುವುದು ಎರಡನೆಯ ಕಷ್ಟ. ಕಣ್ಣು ಪರದೆಯ ಮೇಲೆ, ಕೈ ಮೇಜಿನ ಮೇಲೆ. ಇವೆರಡನ್ನು ಹೊಂದಿಸಲು ಎಳೆಯರಿಗೆ ಹತ್ತು ನಿಮಿಷ ಸಾಕು, ಹಿರಿಯರಿಗೆ ವಾರ ಬೇಕಾದೀತು. ಅಮೆರಿಕದ ಡಗ್ಲಾಸ್ ಎಂಗೆಲ್‌ಬಾರ್ಟ್ ಎಂಬವರು 1960ರ ದಶಕದಲ್ಲಿ ಮಾಡಿಸಿದ ಮೊದಲ ಮೌಸ್, ಕೆಳಗೆ ಗಾಲಿಗಳಿದ್ದ ಒಂದು ಮರದ ಡಬ್ಬಿ. 1968ರ ಡಿಸೆಂಬರ್ 9ರಂದು ಸಾನ್ ಫ್ರಾನ್ಸಿಸ್ಕೋ ನಗರದಲ್ಲಿ ಅವರು ಮೌಸ್ ಬಳಸಿ ತೋರಿಸಿದಾಗ ನೆರೆದಿದ್ದ ಸುಮಾರು ಸಾವಿರ ಮಂದಿ ಗಣಕ ತಜ್ಞರೂ ಬೆರಗಾಗಿಯೇ ನೋಡಿದರು. ನಮ್ಮ ಹಿರಿಯರ ತೊದಲು ಕೈಯನ್ನು ಕಂಡು ನಗುವವರು ಇದನ್ನು ನೆನಪಿಸಿಕೊಳ್ಳಲಿ. ಸೆಟ್ಟಿಂಗ್ಸ್‌ನಲ್ಲಿ ಬಾಣದ ಗುರುತಿನ ವೇಗವನ್ನು ತಗ್ಗಿಸಬಹುದು, ಅದರ ಗಾತ್ರವನ್ನೂ ಅಕ್ಷರಗಳ ಗಾತ್ರವನ್ನೂ ಹಿಗ್ಗಿಸಬಹುದು. ಈ ಅನುಕೂಲವನ್ನು ಮೊದಲೇ ಮಾಡಿಕೊಡದೆ ‘ಅಮ್ಮನಿಗೆ ಬರುವುದಿಲ್ಲ’ ಎಂದು ಕೈಚೆಲ್ಲುವ ಮಕ್ಕಳೇ ಹೆಚ್ಚು. ಇನ್ನು ಸಾಲಿಟೇರ್ ಎಂಬ ಇಸ್ಪೀಟಿನ ಆಟವಿದೆ. 1990ರ ವಿಂಡೋಸ್ 3.0 ಆವೃತ್ತಿಯೊಡನೆ ಬಂದದ್ದು. ಎಲೆಯೊಂದನ್ನು ಒತ್ತಿ ಹಿಡಿದು, ಎಳೆದು, ಇನ್ನೊಂದರ ಮೇಲೆ ಬಿಡುವ ಆ ಆಟವನ್ನು ದಿನಕ್ಕೆ ಕಾಲು ಗಂಟೆ ಆಡಿದರೆ ಮೌಸ್ ತಾನಾಗಿ ಪಳಗುತ್ತದೆ. ಪಣವಿಲ್ಲದ ಇಸ್ಪೀಟು, ಅಡ್ಡಿಯಿಲ್ಲ.

ಕೀಲಿಮಣೆಯ ವಿಷಯದಲ್ಲಿ ನಮ್ಮ ಹಿರಿಯ ಸೋದರಿಯರಲ್ಲಿ ಕೆಲವರು ಮಕ್ಕಳಿಗಿಂತ ಮುಂದಿದ್ದಾರೆ ಎಂಬುದು ಅವರಿಗೇ ಮರೆತುಹೋಗಿದೆ. ಎಸ್ಸೆಸ್ಸೆಲ್ಸಿ ಮುಗಿದ ಕೂಡಲೇ ಟೈಪ್‌ರೈಟಿಂಗ್ ಶಾಲೆಗೆ ಸೇರಿ, ಜೂನಿಯರ್, ಸೀನಿಯರ್ ಪರೀಕ್ಷೆಗಳನ್ನು ಪಾಸು ಮಾಡಿದ ಪೀಳಿಗೆ ಅದು. ಗಣಕಯಂತ್ರದ ಇಂಗ್ಲಿಷ್ ಅಕ್ಷರಗಳ ಜೋಡಣೆ, 1874ರಲ್ಲಿ ರೆಮಿಂಗ್ಟನ್ ಕಂಪೆನಿಯು ಮಾರುಕಟ್ಟೆಗೆ ತಂದ ಷೋಲ್ಸ್ ಅವರ ಬೆರಳಚ್ಚು ಯಂತ್ರದಿಂದ ಇಳಿದುಬಂದದ್ದೇ. ‘ಎ ಎಸ್ ಡಿ ಎಫ್’ ಎಂದು ಅಂದು ಬಾಯಿಪಾಠ ಮಾಡಿದ ಬೆರಳುಗಳು ಎರಡು ದಿನದಲ್ಲಿ ದಾರಿ ಹಿಡಿಯುತ್ತವೆ. ಹೊಸಬರು ಎಫ್ ಮತ್ತು ಜೆ ಕೀಲಿಗಳ ಮೇಲಿನ ಪುಟ್ಟ ಉಬ್ಬುಗೆರೆಯನ್ನು ತೋರುಬೆರಳುಗಳಿಂದ ಮುಟ್ಟಿ ನೋಡಲಿ. ಕೈ ಅಲ್ಲಿ ನೆಲೆಸಿದರೆ ಉಳಿದ ಬೆರಳುಗಳು ತಮ್ಮ ಸ್ಥಾನ ಕಂಡುಕೊಳ್ಳುತ್ತವೆ.

ಇಷ್ಟಾದರೂ, ಕಲಿಕೆಯ ತಿರುಳು ಮೌಸಿನಲ್ಲೂ ಇಲ್ಲ, ವೇಗದ ಬೆರಳಚ್ಚಿನಲ್ಲೂ ಇಲ್ಲ. ತಾನು ಬರೆದದ್ದು ಎಲ್ಲಿದೆ ಎಂದು ತಿಳಿದಿರುವುದರಲ್ಲಿದೆ. ಗಣಕದ ತರಗತಿಗೆ ಹೋಗಿಬಂದವರನ್ನು ಕೇಳಿ ನೋಡಿ. ‘ಪತ್ರ ಟೈಪ್ ಮಾಡಿದ್ದೆ, ಎಲ್ಲಿ ಹೋಯಿತೋ ಕಾಣುವುದಿಲ್ಲ’ ಎನ್ನುವವರೇ ಬಹಳ. ಮೊಬೈಲ್ ನಮ್ಮಿಂದ ಈ ಅರಿವನ್ನು ಮರೆಮಾಡಿದೆ. ಅಲ್ಲಿ ಚಿತ್ರಗಳು ಎಲ್ಲೋ ಇರುತ್ತವೆ, ಬೇಕಾದಾಗ ಕಾಣಿಸಿಕೊಳ್ಳುತ್ತವೆ, ಮೊಬೈಲ್ ಕೆಟ್ಟಾಗ ಎಲ್ಲವೂ ಒಟ್ಟಿಗೆ ಹೋಗುತ್ತವೆ.

ಅಚ್ಚರಿಯೆಂದರೆ, ಈ ವ್ಯವಸ್ಥೆಯನ್ನು ರೂಪಿಸಿದವರು ಕಣ್ಣ ಮುಂದೆ ಇರಿಸಿಕೊಂಡಿದ್ದು ಕಾಗದಪತ್ರಗಳ ನಡುವೆ ಕೆಲಸ ಮಾಡುವ ಸಾಮಾನ್ಯ ಗುಮಾಸ್ತರನ್ನೇ. ನಮ್ಮೂರುಗಳಲ್ಲಿ ನಕಲು ಪ್ರತಿಗೆ ತನ್ನ ಹೆಸರನ್ನೇ ಕೊಟ್ಟಿರುವ ಝೆರಾಕ್ಸ್ ಕಂಪೆನಿಯು 1981ರಲ್ಲಿ ಸ್ಟಾರ್ ಎಂಬ ಗಣಕವನ್ನು ಹೊರತಂದಾಗ ಅದರ ಪರದೆಯನ್ನು ಕಚೇರಿಯ ಮೇಜಿನಂತೆ ಚಿತ್ರಿಸಿತ್ತು: ಮೇಲೆ ಕಾಗದ, ಕಾಗದವನ್ನಿಡುವ ಫೋಲ್ಡರು, ಅವುಗಳನ್ನಿಡುವ ಕಪಾಟು. ಇಂದಿನ ‘ಡೆಸ್ಕ್‌ಟಾಪ್’ ಎಂಬ ಪದದ ಮೂಲ ಕಲ್ಪನೆ ಇದೇ. ಎಲ್‌ಐಸಿ ಬಾಂಡು, ಪಹಣಿ, ಮದುವೆಯ ಪ್ರಮಾಣಪತ್ರ, ಮಕ್ಕಳ ಅಂಕಪಟ್ಟಿಗಳನ್ನು ಗೋದ್ರೆಜ್ ಕಪಾಟಿನ ಮೇಲಿನ ಖಾನೆಯಲ್ಲಿ ಬೇರೆ ಬೇರೆ ಚೀಲಗಳಲ್ಲಿ ಇರಿಸಿರುವ ಗೃಹಿಣಿಗೆ ಫೋಲ್ಡರು ಎಂದರೇನೆಂದು ವಿವರಿಸಬೇಕಾಗಿಲ್ಲ. ಆ ಚೀಲಗಳನ್ನೇ ತೋರಿಸಿ ‘ಇದು ಒಂದು ಫೋಲ್ಡರ್, ಒಳಗಿರುವ ಕಾಗದ ಒಂದು ಫೈಲ್’ ಎಂದರೆ ಸಾಕು.

ಅಭ್ಯಾಸ ಹೀಗಿರಲಿ. ಡಾಕ್ಯುಮೆಂಟ್ಸ್ ಎಂಬಲ್ಲಿ ಮನೆಯ ಪ್ರತಿಯೊಬ್ಬರ ಹೆಸರಿನಲ್ಲಿ ಒಂದೊಂದು ಫೋಲ್ಡರ್. ಹೊಸ ಪತ್ರ ಆರಂಭಿಸಿದ ಕೂಡಲೇ, ಒಂದು ಸಾಲು ಬರೆಯುವ ಮೊದಲೇ, ಕಂಟ್ರೋಲ್ ಮತ್ತು ಎಸ್ ಒತ್ತಿ ಹೆಸರು ಕೊಡುವುದು. ಯಂತ್ರವೇ ಕೊಡುವ ‘ಡಾಕ್ಯುಮೆಂಟ್ 1’ ಎಂಬ ಹೆಸರನ್ನು ಒಪ್ಪಲೇಬಾರದು. ಅಂಥ ಹೆಸರಿನ ನಲವತ್ತು ಕಡತಗಳ ನಡುವೆ ಬೇಕಾದದ್ದನ್ನು ಹುಡುಕುವುದು ಸಂತೆಯಲ್ಲಿ ಮಗು ಹುಡುಕಿದಂತೆ. ವರ್ಷ, ತಿಂಗಳು, ವಿಷಯ, ಈ ಕ್ರಮದಲ್ಲಿ ಹೆಸರಿಟ್ಟರೆ ಕಡತಗಳು ತಾವಾಗಿ ಸಾಲುಗೂಡುತ್ತವೆ. ಐದು ನಿಮಿಷಕ್ಕೊಮ್ಮೆ ಮತ್ತೆ ಕಂಟ್ರೋಲ್ ಎಸ್. ನಮ್ಮ ವಿದ್ಯುತ್ತು ಯಾವ ಕ್ಷಣ ಕೈಕೊಡುವುದೆಂದು ಹೇಳಲಾಗದು. ಯುಪಿಎಸ್ ಇದ್ದರೆ ಕೆಲಸ ಉಳಿಸಿ ಯಂತ್ರ ನಿಲ್ಲಿಸುವಷ್ಟು ಸಮಯ ಸಿಗುತ್ತದೆ. ಮೇ ತಿಂಗಳ ಗುಡುಗಿಗೆ ಮಾತ್ರ ಗೋಡೆಯಿಂದ ಪ್ಲಗ್ಗನ್ನೇ ಕಿತ್ತಿಡುವುದು ಲೇಸು. ಮುಖ್ಯ ದಾಖಲೆಗಳ ಇನ್ನೊಂದು ಪ್ರತಿ ಪೆನ್ ಡ್ರೈವಿನಲ್ಲಿ, ಆ ಪೆನ್ ಡ್ರೈವ್ ಕಪಾಟಿನಲ್ಲಿ.

ಕನ್ನಡದಲ್ಲಿ ಬರೆಯಬೇಕಾದವರ ಸ್ಥಿತಿ ಈಗ ಸುಖಕರವಾಗಿದೆ. ನಮ್ಮ ಕರಾವಳಿಯ ಕಿನ್ನಿಕಂಬಳದವರಾದ ಕೆ. ಪಿ. ರಾವ್ ಅವರು ರೂಪಿಸಿದ ಕೀಲಿಮಣೆ ವಿನ್ಯಾಸವೇ ‘ನುಡಿ’ ತಂತ್ರಾಂಶದ ವಿನ್ಯಾಸಕ್ಕೆ ಆಧಾರ. ಇಂಗ್ಲಿಷ್ ಅಕ್ಷರದ ಉಚ್ಚಾರವನ್ನೇ ಅನುಸರಿಸಿದ ಜಾಣ ಜೋಡಣೆ ಅದು. ಎ, ಎಮ್, ಎಫ್, ಎಮ್, ಈ ನಾಲ್ಕು ಕೀಲಿಗಳನ್ನು ಒತ್ತಿದರೆ ‘ಅಮ್ಮ’ ಮೂಡುತ್ತದೆ. ನಡುವಿನ ಎಫ್ ಒತ್ತಕ್ಷರವನ್ನು ಬೆಸೆಯುವ ಕೊಂಡಿ. ಕಲಿಯುವವರಿಗೆ ಮೊದಲ ಪದವಾಗಿ ಇದಕ್ಕಿಂತ ಒಳ್ಳೆಯದು ಸಿಗಲಾರದು. ಆದರೆ ಒಂದು ಮಾತು. ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಟೈಪ್ ಮಾಡಿದ ಕಡತವನ್ನು ಆ ಫಾಂಟಿಲ್ಲದ ಗಣಕದಲ್ಲಿ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳೂ ಚಿಹ್ನೆಗಳೂ ಕಾಣುತ್ತವೆ. ಯೂನಿಕೋಡ್‌ನಲ್ಲಿ ಬರೆದದ್ದಕ್ಕೆ ಈ ತೊಂದರೆಯಿಲ್ಲ. ಮೊಬೈಲಿನಲ್ಲೂ ಹಾಗೆಯೇ ಓದಬಹುದು. ಹೊಸಬರು ಮೊದಲಿನಿಂದಲೂ ಯೂನಿಕೋಡನ್ನೇ ರೂಢಿಸಿಕೊಳ್ಳಲಿ. ಗಾನವೃಂದದವರು ಹಿಂದೆ ಟೈಪ್ ಮಾಡಿಸಿಟ್ಟ ಗೀತೆಗಳ ಕಡತಗಳಿದ್ದರೆ ಈಗಲೇ ಪರಿವರ್ತಿಸಿಡುವುದು ಕ್ಷೇಮ.

ಕಲಿಸುವ ಬಗೆಯ ಕುರಿತು ಹೇಳುವಾಗ ಧರ್ಮಭಗಿನಿಯೊಬ್ಬರ ನೆನಪಾಗುತ್ತದೆ. ಸಿಸ್ಟರ್ ಮೇರಿ ಕೆನೆತ್ ಕೆಲ್ಲರ್, 1965ರಲ್ಲಿ ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾನಿಲಯದಿಂದ ಗಣಕ ವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದವರು. ಆ ದೇಶದಲ್ಲಿ ಈ ವಿಷಯದ ಪದವಿ ಪಡೆದ ಮೊದಲಿಗರಲ್ಲೊಬ್ಬರು. ಅಯೋವಾ ರಾಜ್ಯದ ಡುಬ್ಯೂಕ್ ನಗರದ ಕ್ಲಾರ್ಕ್ ಕಾಲೇಜಿನಲ್ಲಿ ಗಣಕ ವಿಭಾಗವನ್ನು ಸ್ಥಾಪಿಸಿ ಸುಮಾರು ಇಪ್ಪತ್ತು ವರ್ಷ ನಡೆಸಿದರು. ಗಣಕವು ಪಂಡಿತರ ಸೊತ್ತಾಗದೆ ಎಲ್ಲರಿಗೂ ತಿಳಿಯಬೇಕೆಂಬುದು ಅವರ ನಿಲುವು. ಕೈಗೂಸಿರುವ ತಾಯಂದಿರು ಮಗುವನ್ನು ತರಗತಿಗೇ ಎತ್ತಿಕೊಂಡು ಬರಲು ಅವರು ಪ್ರೋತ್ಸಾಹಿಸುತ್ತಿದ್ದರೆಂದು ಹೇಳುತ್ತಾರೆ. ಗಣಕವೆಂದರೆ ಕೋಣೆ ತುಂಬುವ ಯಂತ್ರವಾಗಿದ್ದ ಕಾಲದ ಮಾತು ಇದು!

ನಮ್ಮ ಮನೆಗಳಲ್ಲಿ ನಡೆಯುವುದು ಬೇರೆ. ‘ಅಮ್ಮಾ, ನೀವು ಬಿಡಿ, ನಾನೇ ಮಾಡಿಕೊಡುತ್ತೇನೆ’ ಎಂದು ಮಗ ಮೌಸ್ ಕಸಿದುಕೊಳ್ಳುತ್ತಾನೆ. ಎರಡು ನಿಮಿಷದಲ್ಲಿ ಕೆಲಸ ಮುಗಿಯಿತು, ಕಲಿಕೆಯೂ ಅಲ್ಲಿಗೇ ಮುಗಿಯಿತು. ಕಲಿಸುವವನು ತನ್ನ ಕೈಗಳನ್ನು ಕಟ್ಟಿ ಕೂರಬೇಕು. ಬಾಯಿಯಿಂದ ಹೇಳಬೇಕು, ಕಲಿಯುವವರ ಕೈಯೇ ಮಾಡಬೇಕು. ಒಂದು ನೋಟ್‌ಪುಸ್ತಕದಲ್ಲಿ ಹಂತಗಳನ್ನು ಅವರದೇ ಭಾಷೆಯಲ್ಲಿ ಬರೆದುಕೊಳ್ಳಲಿ. ಮನೆಯಲ್ಲಿ ಕೊಂಕಣಿಯಾದರೆ ಕೊಂಕಣಿಯಲ್ಲಿ, ಕನ್ನಡವಾದರೆ ಕನ್ನಡದಲ್ಲಿ. ಒಂದೇ ಪ್ರಶ್ನೆಯನ್ನು ಏಳು ಸಲ ಕೇಳಿದರೆ ಏಳು ಸಲವೂ ಉತ್ತರಿಸಬೇಕು. ಅಕ್ಷರಮಾಲೆ ಕಲಿಸುವಾಗ ಆ ತಾಯಿ ಎಷ್ಟು ಸಲ ಉತ್ತರಿಸಿದ್ದರೆಂಬುದು ಮಗನಿಗೆ ನೆನಪಿರಲಿಕ್ಕಿಲ್ಲ.

ಅಂತರಜಾಲದ ಬಾಗಿಲು ತೆರೆಯುವ ದಿನ ಕೆಲವು ಎಚ್ಚರಿಕೆಗಳು ಅವಶ್ಯ. ‘ನಿಮ್ಮ ಕಂಪ್ಯೂಟರಿಗೆ ವೈರಸ್ ತಗಲಿದೆ, ಈ ಸಂಖ್ಯೆಗೆ ಕೂಡಲೇ ಕರೆಮಾಡಿ’ ಎಂದು ಪರದೆ ತುಂಬ ಕೆಂಪು ಬರಹ ಮೂಡಿ ಗಂಟೆಯ ಶಬ್ದ ಬರಬಹುದು. ಅದು ಮೋಸಗಾರರ ಬಲೆ. ಮೈಕ್ರೋಸಾಫ್ಟ್ ತನ್ನ ಎಚ್ಚರಿಕೆಗಳಲ್ಲಿ ದೂರವಾಣಿ ಸಂಖ್ಯೆ ಕೊಡುವುದೇ ಇಲ್ಲ. ಎಸ್ಕೇಪ್ ಕೀಲಿಯನ್ನು ಸ್ವಲ್ಪ ಹೊತ್ತು ಒತ್ತಿ ಹಿಡಿದು ಪುಟವನ್ನು ಮುಚ್ಚಬೇಕು. ಮುಚ್ಚದಿದ್ದರೆ ಯಂತ್ರವನ್ನೇ ಆರಿಸಿಬಿಡಬೇಕು. ಅಪರಿಚಿತರು ಫೋನಿನಲ್ಲಿ ಹೇಳಿದರೆಂದು, ದೂರದಿಂದ ನಮ್ಮ ಗಣಕವನ್ನು ನಡೆಸಬಲ್ಲ ತಂತ್ರಾಂಶವನ್ನು ಹಾಕಿಕೊಳ್ಳಬಾರದು. ಹಣ ಹೋಗಿದ್ದರೆ ನಾಚಿಕೆಪಡುತ್ತಾ ಕೂರದೆ 1930 ಸಂಖ್ಯೆಗೆ ತಡವಿಲ್ಲದೆ ದೂರು ಕೊಡಬೇಕು. ಅಂಗಡಿಯ ಗಣಕದಲ್ಲಿ ಆಧಾರ್ ಪ್ರತಿಯನ್ನು ತೆರೆದಿದ್ದರೆ, ಹೊರಡುವ ಮೊದಲು ಡೌನ್‌ಲೋಡ್ಸ್ ಫೋಲ್ಡರಿನಿಂದ ಅದನ್ನು ಅಳಿಸಿ, ಬುಟ್ಟಿಯನ್ನೂ ಬರಿದು ಮಾಡಿಸಿ, ಲಾಗ್ ಔಟ್ ಆಗಿ ಬರಬೇಕು. ಪಾಸ್‌ವರ್ಡ್ ನೆನಪಿನಲ್ಲಿ ನಿಲ್ಲದವರು ಪುಸ್ತಕದಲ್ಲಿ ಬರೆದು ಬೀಗದೊಳಗಿಡಲಿ. ಪರಿಣತರು ಏನೇ ಹೇಳಲಿ, ಅಂಗಡಿಯವನಿಗಷ್ಟೇ ಗೊತ್ತಿರುವ ಪಾಸ್‌ವರ್ಡಿಗಿಂತ ನಮ್ಮ ಕಪಾಟಿನಲ್ಲಿರುವ ಪಾಸ್‌ವರ್ಡ್ ಎಷ್ಟೋ ಮೇಲು.

ಮೂಲೆಯಲ್ಲಿರುವ ಯಂತ್ರ ಹಳೆಯದಾಗಿದ್ದರೆ ಇನ್ನೊಂದು ಸಂಗತಿ ತಿಳಿದಿರಬೇಕು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಕೊನೆಗೊಂಡಿತು. ಹಳೆಯ ಗಣಕಗಳಲ್ಲಿ ಹಲವು ವಿಂಡೋಸ್ 11ನ್ನು ಸ್ವೀಕರಿಸುವುದಿಲ್ಲ. ಕೈಬದಲಾದ ಗಣಕ ಕೊಳ್ಳುವವರು ಇದನ್ನು ವಿಚಾರಿಸಿಯೇ ಹಣ ಕೊಡಲಿ. ಬರೆಯುವ, ಕಡತಗಳನ್ನು ಜೋಡಿಸುವ ಅಭ್ಯಾಸಕ್ಕಾದರೆ ಅಂತರಜಾಲದ ಸಂಪರ್ಕವಿಲ್ಲದೆ ಹಳೆಯ ಯಂತ್ರವೂ ನಡೆಯುತ್ತದೆ. ಇಲ್ಲವೇ ಲಿನಕ್ಸ್ ಆಧಾರಿತ ಉಬುಂಟು ಮುಂತಾದವನ್ನು ಉಚಿತವಾಗಿ ಹಾಕಿಸಿಕೊಳ್ಳಬಹುದು. ಪತ್ರ, ಲೆಕ್ಕಪಟ್ಟಿಗಳಿಗೆ ಲಿಬ್ರೆ ಆಫೀಸ್ ಎಂಬ ಉಚಿತ ತಂತ್ರಾಂಶವಿದೆ.

ಮನೆಯಲ್ಲಿ ಗಣಕವೂ ಇಲ್ಲ, ಕಲಿಸುವವರೂ ಇಲ್ಲ ಎನ್ನುವವರು ಧರ್ಮಕೇಂದ್ರದ ಗುರುಗಳನ್ನು ಕೇಳಿ ನೋಡಬಹುದು. ಭಾನುವಾರದ ಬಲಿಪೂಜೆಯ ಬಳಿಕ ಕಚೇರಿಯ ಗಣಕ ಒಂದೆರಡು ಗಂಟೆ ಬಿಡುವಾಗಿರುವ ಕಡೆಗಳಲ್ಲಿ, ಕಾಲೇಜಿಗೆ ಹೋಗುವ ಇಬ್ಬರು ಯುವಜನರು ಒಪ್ಪಿದರೆ ನಾಲ್ಕು ಮಂದಿ ಹಿರಿಯರಿಗೆ ಸರದಿಯಂತೆ ಕಲಿಸುವುದು ಸಾಧ್ಯ. ಹತ್ತು ಭಾನುವಾರಗಳಿಗೆ ಅದೇ 20 ಗಂಟೆಗಳಾಗುತ್ತವೆ. ಬರುವವರು ನೋಟ್‌ಪುಸ್ತಕ, ಪೆನ್ ಡ್ರೈವ್ ಮತ್ತು ಓದುವ ಕನ್ನಡಕವನ್ನು ಮರೆಯದೆ ತರಲಿ. ಎರಡು ಬಗೆಯ ಗಾಜಿರುವ ಕನ್ನಡಕದವರು ಗಲ್ಲವನ್ನೆತ್ತಿ ಪರದೆ ನೋಡುತ್ತಾ ಕತ್ತು ನೋಯಿಸಿಕೊಳ್ಳುತ್ತಾರೆ. ಅವರಿಗಾಗಿ ಪರದೆಯನ್ನು ಸ್ವಲ್ಪ ತಗ್ಗಿಸಿ ಇರಿಸಬೇಕು.